ಕಸದಿಂದ ರಸ ಸರಿ, ಹಾಸು ಮಾತ್ರ ಗಟ್ಟಿಯಿರಲಿ

ಮಾನ್ಯ ಸಂಪಾದಕರೇ,

ಹಳೆಯ ಸೀರೆ, ಟೀಶರ್ಟುಗಳಿಂದ ಮನೆಯಲ್ಲೇ ಕಾಲೊರಸು ನೇಯುವುದು ಹೇಗೆ ಎಂಬ ಸಚಿತ್ರ ಬರಹ ನಿಮ್ಮ ಪುರವಣಿಯಲ್ಲಿ ಬಂದಿತ್ತು. ಬೇಸಿಗೆ ರಜೆಗೆ ತಕ್ಕ ವಿಷಯ, ಚಿತ್ರಗಳೂ ಚೆಂದ. ಆದರೆ ಇಡೀ ಪುಟದಲ್ಲಿ ಒಂದೇ ಒಂದು ಅಳತೆ ಇರಲಿಲ್ಲ. ರಟ್ಟು ಎಷ್ಟು ದೊಡ್ಡದು, ದಾರ ಯಾವುದು, ಎಳೆ ಎಷ್ಟು, ಬಟ್ಟೆಯ ಪಟ್ಟಿ ಎಷ್ಟು ಅಗಲ ಎಂಬುದನ್ನೆಲ್ಲ ಓದುಗರ ಊಹೆಗೇ ಬಿಟ್ಟಿದ್ದೀರಿ. ಅಷ್ಟನ್ನೇ ನಂಬಿ ಕೂತವರ ಚಾಪೆ ಒಂದು ಗೇಣು ದಾಟುವುದು ಕಷ್ಟ. ನಡುವೆ ಅಗಲ ಕುಗ್ಗುತ್ತದೆ, ದಾರ ಜೋಲುತ್ತದೆ, ರಟ್ಟು ಬಾಗುತ್ತದೆ. ಇದೆಲ್ಲ ನಮಗೆ ಆಗಿಬರುವುದಲ್ಲ ಎಂದು ಎತ್ತಿ ಅಟ್ಟಕ್ಕೆ ಹಾಕುತ್ತಾರೆ. ತಪ್ಪು ಅವರ ಕೈಯದಲ್ಲ. ಪುರವಣಿ ಬಿಟ್ಟ ಅಳತೆಗಳನ್ನು ಈ ಪತ್ರದಲ್ಲಿ ತುಂಬಿಕೊಡುತ್ತಿದ್ದೇವೆ. ಪತ್ರ ಉದ್ದವಾಗಿದೆ, ಗೊತ್ತು. ಕತ್ತರಿ ಹಾಕುವುದಾದರೆ ಅಂಕಿಗಳನ್ನು ಉಳಿಸಿ ಬೇರೆಡೆ ಹಾಕಿ.

ನಮ್ಮ ಮುಖ್ಯ ತಕರಾರು, ಎಲ್ಲವೂ ಹಳೆಯ ಸಾಮಾನಿನದೇ ಆಗಬೇಕೆಂಬ ಉತ್ಸಾಹದ ಮೇಲೆ. ನೇಯ್ಗೆಯಲ್ಲಿ ಉದ್ದಕ್ಕೆ ಬಿಗಿದು ನಿಲ್ಲುವ ಎಳೆಗಳು ಹಾಸು, ಅವುಗಳ ನಡುವೆ ಅಡ್ಡಲಾಗಿ ಹಾಯುವುದು ಹೊಕ್ಕು. ಹೊಕ್ಕಿಗೆ ಮನೆಯಲ್ಲಿರುವ ಎಂಥ ಹಳೆ ಬಟ್ಟೆಯೂ ನಡೆದೀತು. ಹಾಸು ಮಾತ್ರ ಗಟ್ಟಿ ದಾರದ್ದೇ ಆಗಬೇಕು, ಅದನ್ನು ಅಂಗಡಿಯಿಂದ ಹೊಸದಾಗಿ ತರುವುದಕ್ಕೆ ಸಂಕೋಚ ಬೇಡ. 30 ಸೆಂ.ಮೀ. ಅಗಲ, 45 ಸೆಂ.ಮೀ. ಉದ್ದದ ಒಂದು ಚಿಕ್ಕ ಚಾಪೆಯನ್ನೇ ಲೆಕ್ಕಕ್ಕೆ ಹಿಡಿಯಿರಿ. ಅದಕ್ಕೆ ಹಾಸಿನ ದಾರ ಸುಮಾರು 45 ಮೀಟರ್ ಬೇಕು, ತೂಕ ಹೆಚ್ಚೆಂದರೆ ಹತ್ತು ಹನ್ನೆರಡು ಗ್ರಾಂ. ಹೊಕ್ಕಿನ ಬಟ್ಟೆ 160ರಿಂದ 200 ಗ್ರಾಂ. ಚಾಪೆಯ ತೂಕದಲ್ಲಿ ಹೆಚ್ಚುಕಡಿಮೆ ಎಲ್ಲವೂ ಹಳೆ ಬಟ್ಟೆಯದೇ ಆಯಿತಲ್ಲ! ಹತ್ತು ಗ್ರಾಂ ದಾರ ಉಳಿಸಲು ಹೋಗಿ ಮಿಕ್ಕ ಕೆಲಸವನ್ನೆಲ್ಲ ಕೆಡಿಸಿಕೊಳ್ಳುವುದು ಯಾವ ಉಳಿತಾಯ? ಎಳೆತ, ಬಡಿತ, ಒಗೆತ ಮೂರೂ ಬೀಳುವುದು ಹಾಸಿನ ಮೇಲೆ. ಹೊಕ್ಕಿನ ಪಟ್ಟಿ ಒಂದು ಕಡೆ ಸವೆದರೆ ಅಲ್ಲಿಗೆ ಇನ್ನೊಂದು ತುಂಡು ತುರುಕಬಹುದು. ಹಾಸಿನ ಎಳೆ ಹರಿದರೆ ಅಲ್ಲಿಂದ ಚಾಪೆ ಬಾಯಿ ಬಿಡುತ್ತದೆ.

ಹಾಗಾದರೆ ಯಾವ ದಾರ? ಅಕ್ಕಿ, ಗೋಧಿ ಚೀಲಗಳ ಬಾಯಿ ಹೊಲಿಯುವ ಹತ್ತಿಯ ದಾರ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಗೋಣಿಚೀಲ ಮಾರುವ ಅಂಗಡಿಗಳಲ್ಲಿ ಉಂಡೆಯಾಗಿಯೋ ಕೋನ್ ಆಗಿಯೋ ಸಿಗುತ್ತದೆ. ಮಕ್ಕಳ ಶಿಬಿರಗಳಲ್ಲಿ ಕೊಡುವ ಬಣ್ಣದ ಉಲ್ಲನ್ ದಾರ ಹಾಸಿನ ಕೆಲಸಕ್ಕೆ ಬಾರದು. ಅದು ಅಕ್ರಿಲಿಕ್, ಹಿಗ್ಗುತ್ತದೆ. ಸುತ್ತುವಾಗ ಬಿಗಿಯಾಗಿದ್ದದ್ದು ಹತ್ತು ಸಾಲು ನೇಯುವಷ್ಟರಲ್ಲಿ ಸಡಿಲ. ಹೂ ಕಟ್ಟುವ ದಾರ ಬಡಿತಕ್ಕೆ ತುಂಡಾಗುತ್ತದೆ. ಸುತಲಿ ಒಂದೆಡೆ ದಪ್ಪ, ಇನ್ನೊಂದೆಡೆ ತೆಳು, ತೆಳುವಾದಲ್ಲೇ ಕೈಕೊಡುತ್ತದೆ. ಬಾಗಿಲಾಚೆಯ ಒರಟು ಕಾಲೊರಸಿಗಾದರೆ ಅಡ್ಡಿಯಿಲ್ಲ. ಮೀನುಬಲೆಯ ನೈಲಾನ್ ಹುರಿ ಕರಾವಳಿಯಲ್ಲಿ ಸುಲಭವಾಗಿ ಸಿಗುತ್ತದೆ, ಬಲವೂ ಇದೆ. ಆದರೆ ಗಂಟು ಜಾರುತ್ತದೆ, ಮಗ್ಗದಿಂದ ಇಳಿಸಿದ ಮೇಲೆ ಕುಗ್ಗಿ ಚಾಪೆಯನ್ನು ಮುದುಡಿಸುತ್ತದೆ, ಬಿಸಿ ಪಾತ್ರೆ ತಗುಲಿದರೆ ಕರಗುತ್ತದೆ. ಹತ್ತಿಯೋ ಬೆರಕೆಯೋ ಎಂಬ ಅನುಮಾನವಿದ್ದರೆ ಒಂದು ಮೀಟರ್ ದಾರಕ್ಕೆ ನೀರು ತುಂಬಿದ ಒಂದು ಲೀಟರ್ ಬಾಟಲಿ ಕಟ್ಟಿ ಕಿಟಕಿಯ ಸರಳಿಗೆ ತೂಗುಬಿಡಿ. ನಾಲ್ಕು ಸೆಂ.ಮೀ.ಗಿಂತ ಹೆಚ್ಚು ಕೆಳಗಿಳಿದರೆ ಆ ದಾರ ಬೇಡ.

ಹಾಸೂ ಹಳೆಯದೇ ಆಗಬೇಕೆಂದು ಹಟ ಹಿಡಿದವರಿಗೆ ಒಂದು ದಾರಿಯಿದೆ. ಅಕ್ಕಿ ಚೀಲದ ಬಾಯಿಗೆ ಹಾಕಿರುವುದು ಸರಪಳಿ ಹೊಲಿಗೆ. ಕತ್ತರಿಯಿಂದ ಕಚಕಚನೆ ಕತ್ತರಿಸದೆ ತುದಿಯ ಬಾಲ ಹಿಡಿದು ಎಳೆದರೆ ಸರ್ರನೆ ಬಿಚ್ಚಿಕೊಂಡು ಬರುತ್ತದೆ. ಒಂದು ತುದಿಯಿಂದ ಬಿಗಿದುಕೊಂಡರೆ ಜಗ್ಗಾಡಬೇಡಿ, ಇನ್ನೊಂದು ತುದಿಯಿಂದ ಬಿಚ್ಚಿ. 25 ಕಿಲೋ ಚೀಲದಿಂದ ಒಂದೂವರೆಯಿಂದ ಎರಡು ಮೀಟರ್ ದಾರ ಸಿಗುತ್ತದೆ. ಮೇಲೆ ಹೇಳಿದ ಚಾಪೆಗೆ ಇಪ್ಪತ್ತೈದು ಮೂವತ್ತು ಚೀಲದ ದಾರ ಬೇಕಾದೀತು. ಹೋಟೆಲ್, ಹಾಸ್ಟೆಲ್‌ಗಳ ಅಡುಗೆಮನೆಯಲ್ಲಿ ಕೇಳಿದರೆ ಇದೇನೂ ದೊಡ್ಡ ಲೆಕ್ಕವಲ್ಲ. ಗಂಟುಗಳು ಮಾತ್ರ ಮೇಲಿನ ಅಥವಾ ಕೆಳಗಿನ ತುದಿಗೇ ಬೀಳುವಂತೆ ಸುತ್ತಬೇಕು. ನಡುವೆ ಗಂಟಿದ್ದರೆ ಹೊಕ್ಕು ಪ್ರತಿ ಸಾಲಿಗೂ ಅಲ್ಲಿ ಸಿಕ್ಕಿಕೊಳ್ಳುತ್ತದೆ. ದಾರ ಜುಂಗುಜುಂಗಾಗಿದ್ದರೆ ತೆಳು ಗಂಜಿಯಲ್ಲಿ ಅದ್ದಿ, ಬಿಗಿಯಾಗಿ ಕಟ್ಟಿ ಒಣಗಿಸಿ. ಕಂಬಳಿ ನೇಯುವ ಕುರುಬರು ಉಣ್ಣೆಯ ಹಾಸಿನ ಎಳೆಗಳಿಗೆ ಹುಣಸೆ ಬೀಜದ ಗಂಜಿ ಬಳಿಯುವುದು ಇದೇ ಕಾರಣಕ್ಕೆ. ಗಂಜಿ ಕುಡಿದ ಎಳೆ ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ, ತಿಕ್ಕಾಟಕ್ಕೆ ತಡೆಯುತ್ತದೆ.

ಇನ್ನು ಮಗ್ಗ. ರಟ್ಟಿನ ಮಗ್ಗ ಕೈ ಪಳಗಿಸಿಕೊಳ್ಳಲು ಸಾಕು, ಅದಕ್ಕಿಂತ ಮುಂದಕ್ಕೆ ಬೇಡ ಎಂಬುದು ನಮ್ಮ ಅಭಿಪ್ರಾಯ. ಬಿಸಿ ಪಾತ್ರೆಯ ಅಡಿಗೆ ಇಡುವ 20 ಸೆಂ.ಮೀ. ಅಗಲ, 25 ಸೆಂ.ಮೀ. ಉದ್ದದ ತುಂಡಿನವರೆಗೆ ಅದು ತಡೆದೀತು. ಮಿಕ್ಸಿ, ಟಿ.ವಿ. ಬಂದ ಪೆಟ್ಟಿಗೆಯ ರಟ್ಟಿನೊಳಗೆ ಅಲೆಅಲೆಯಾದ ಕಾಗದ ಇರುತ್ತದಲ್ಲ, ಆ ಅಲೆಗಳ ಕೊಳವೆಗಳು ಹಾಸಿನ ದಿಕ್ಕಿನಲ್ಲೇ ಉದ್ದಕ್ಕೆ ಸಾಗಬೇಕು. ಅಡ್ಡಲಾಗಿದ್ದರೆ ದಾರ ಬಿಗಿಯುತ್ತಿದ್ದಂತೆ ರಟ್ಟು ಮಡಚಿಕೊಳ್ಳುತ್ತದೆ. ಒಂದೊಂದು ಎಳೆಯ ಎಳೆತ ಸಣ್ಣದೇ, ಇಪ್ಪತ್ತು ಮೂವತ್ತು ಸೇರಿದಾಗ ಹತ್ತಿರ ಹತ್ತಿರ ಹತ್ತು ಕಿಲೋ ಭಾರ. ಎರಡು ಪದರ ಉದ್ದಕ್ಕೆ, ನಡುವೆ ಒಂದು ಪದರ ಅಡ್ಡಕ್ಕೆ ಇಟ್ಟು ಫೆವಿಕಾಲ್‌ನಿಂದ ಅಂಟಿಸಿ, ರಾತ್ರಿಯಿಡೀ ಮೇಲೆ ಭಾರ ಹೇರಿ. (ಮೈದಾ ಅಂಟೂ ಹಿಡಿಯುತ್ತದೆ, ಆದರೆ ಅದು ಜಿರಲೆಗಳಿಗೆ ಔತಣ.) ಮೇಲಂಚು ಕೆಳಂಚುಗಳಿಗೆ ಮೊದಲು ಟೇಪು ಸುತ್ತಿ, ಆಮೇಲೆ 1 ಸೆಂ.ಮೀ.ಗೆ ಒಂದರಂತೆ 8 ಮಿ.ಮೀ. ಆಳದ ಕಚ್ಚು ಹಾಕಿ. ಟೇಪು ಇಲ್ಲದಿದ್ದರೆ ದಾರ ಕಚ್ಚನ್ನು ಸೀಳಿಕೊಂಡು ಒಳಗಿಳಿಯುತ್ತದೆ.

ನಿಜವಾಗಿ ಬಾಳುವುದು ಮರದ ಚೌಕಟ್ಟು. ಬಡಗಿಗಳ ಹತ್ತಿರ ಉಳಿದ ಎರಡು ಇಂಚು ಅಗಲ, ಒಂದು ಇಂಚು ದಪ್ಪದ ರೀಪರ್ ಸಾಕು. ಹಳೆ ಕಿಟಕಿಯ ಚೌಕಟ್ಟು, ದೊಡ್ಡ ಫೋಟೊ ಫ್ರೇಮು ಸಹ ಆಗುತ್ತದೆ, ಗೆದ್ದಲು ಹಿಡಿದಿರಬಾರದು ಅಷ್ಟೆ. ಹೊರ ಅಳತೆ 75 ಸೆಂ.ಮೀ. ಎತ್ತರ, 45 ಸೆಂ.ಮೀ. ಅಗಲ. ಮೂಲೆಗಳಿಗೆ ಮೊಳೆಗಿಂತ ಸ್ಕ್ರೂ ಉತ್ತಮ. ಮೊಳೆ ಒಂದೇ ಇದ್ದರೆ ಎಳೆತಕ್ಕೆ ಚೌಕಟ್ಟು ವಾಲುತ್ತದೆ. ಜೋಡಿಸಿದ ಮೇಲೆ ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡೂ ಅಳತೆ ಒಂದೇ ಆಗಿದ್ದರೆ ಚೌಕ ನೇರವಾಗಿದೆ. ವಾಲಿದ ಚೌಕಟ್ಟಿನಲ್ಲಿ ನೇಯ್ದ ಚಾಪೆಯೂ ವಾಲುತ್ತದೆ, ಒಗೆದರೂ ಇಸ್ತ್ರಿ ಮಾಡಿದರೂ ಸರಿಹೋಗದು. ಮೇಲಿನ, ಕೆಳಗಿನ ಪಟ್ಟಿಯ ನಡುಭಾಗದಲ್ಲಿ 1 ಸೆಂ.ಮೀ. ಅಂತರಕ್ಕೆ ಒಂದರಂತೆ 31 ಮೊಳೆ. ಒಂದು ಇಂಚಿನ ಮೊಳೆ, ಅರ್ಧ ಒಳಗೆ ಅರ್ಧ ಹೊರಗೆ, ತಲೆ ಹೊರಮುಖವಾಗಿ ತುಸು ವಾಲಿರಲಿ. ಎಲ್ಲವನ್ನೂ ಒಂದೇ ಗೆರೆಯಲ್ಲಿ ಹೊಡೆದರೆ ಮರ ಸೀಳುತ್ತದೆ. ಆದ್ದರಿಂದ ಅರ್ಧ ಸೆಂ.ಮೀ. ಅಂತರದ ಎರಡು ಗೆರೆ ಎಳೆದುಕೊಂಡು ಒಂದು ಮೊಳೆ ಈ ಗೆರೆಗೆ, ಮುಂದಿನದು ಆ ಗೆರೆಗೆ ಹೊಡೆಯಿರಿ.

ಹಾಸು ಸುತ್ತುವ ಕ್ರಮ: ಕೆಳಗಿನ ಮೊದಲ ಮೊಳೆಗೆ ಗಂಟು ಹಾಕಿ, ಮೇಲಿನ ಮೊದಲ ಮೊಳೆಯನ್ನು ಬಳಸಿ ಮತ್ತೆ ಅದೇ ಕೆಳಮೊಳೆಗೆ ಬನ್ನಿ. ಅಲ್ಲಿಂದ ಪಕ್ಕದ ಮೊಳೆಗೆ. ಹೀಗೆ ಪ್ರತಿ ಮೊಳೆಗೂ ಒಂದು ಜೋಡಿ ಎಳೆ ಬರುತ್ತದೆ. ನೇಯುವಾಗ ಆ ಜೋಡಿಯನ್ನು ಒಂದೇ ಎಳೆ ಎಂದು ಎಣಿಸಬೇಕು. ಎರಡೂ ಅಂಚಿನ ಮೊಳೆಗಳಿಗೆ ಮಾತ್ರ ಎರಡು ಸುತ್ತು ಹಾಕಿ, ಅಂಚು ಹೆಚ್ಚು ಎಳೆತ ತಿನ್ನುತ್ತದೆ. ಬಿಗಿ ಎಷ್ಟಿರಬೇಕು ಎಂಬುದು ಎಲ್ಲರ ಪ್ರಶ್ನೆ. ಹಾಸಿನ ಮಧ್ಯೆ ಅಂಗೈ ಇಟ್ಟು ಒತ್ತಿದಾಗ ಎರಡು ಸೆಂ.ಮೀ. ತಗ್ಗಿ, ಬಿಟ್ಟ ಕೂಡಲೇ ಮೇಲೆ ಬಂದರೆ ಸರಿ. ಅದಕ್ಕಿಂತ ಮುಖ್ಯ, ಎಲ್ಲ ಎಳೆಗಳ ಬಿಗಿ ಒಂದೇ ಇರುವುದು. ಮೊದಲ ಹತ್ತು ಎಳೆ ಬಿಗಿ, ಕೈಸೋತ ಮೇಲಿನ ಹತ್ತು ಸಡಿಲ ಎಂದಾಗಿಬಿಡುತ್ತದೆ. ಬೆರಳಿನಿಂದ ಒಂದೊಂದೇ ಎಳೆ ಮೀಟಿ ನೋಡಿ, ಜೋಲುವುದನ್ನು ಪಕ್ಕದ ಎಳೆಗಳ ಮೂಲಕ ಜಗ್ಗುತ್ತ ಕೊನೆಯವರೆಗೆ ಒಯ್ದು ಅಲ್ಲಿ ಗಂಟು ಹಾಕಿ. ನೇಯುತ್ತಿರುವಾಗ ಒಟ್ಟಾರೆ ಸಡಿಲವಾದರೆ ಮೇಲಿನ ಮೊಳೆಗಳ ಕೆಳಗೆ, ಎಳೆಗಳ ಹಿಂದಿನಿಂದ ಒಂದು ಬಿದಿರು ಕಡ್ಡಿ ತೂರಿಸಿ, ಬಿಗಿ ಮರಳುತ್ತದೆ.

ಈಗ ಹೊಕ್ಕಿನ ಬಟ್ಟೆ. ಹಳೆ ಹತ್ತಿ ಸೀರೆ, ಪಂಚೆ, ಲುಂಗಿ, ಬೆಡ್‌ಶೀಟು, ನೈಟಿ ಎಲ್ಲವೂ ಒಳ್ಳೆಯ ಸರಕು. ಪಟ್ಟಿಯ ಅಗಲ ಬಟ್ಟೆಯ ದಪ್ಪವನ್ನು ನೋಡಿ ತೀರ್ಮಾನಿಸಬೇಕು. ತೆಳು ಸೀರೆಗೆ 5 ಸೆಂ.ಮೀ., ಲುಂಗಿ ಅಥವಾ ಬೆಡ್‌ಶೀಟಿಗೆ 3 ಸೆಂ.ಮೀ., ಟೀಶರ್ಟಿಗೆ 2ರಿಂದ 2.5 ಸೆಂ.ಮೀ. ಸಡಿಲವಾಗಿ ಹುರಿ ಮಾಡಿದಾಗ ಪೆನ್ಸಿಲ್‌ನಷ್ಟು ದಪ್ಪ ಬಂದರೆ ಅಗಲ ಸರಿಯಿದೆ. ಬೇರೆ ಬೇರೆ ಬಟ್ಟೆಯ ಪಟ್ಟಿಗಳನ್ನೆಲ್ಲ ಒಂದೇ ಅಗಲಕ್ಕೆ ಕತ್ತರಿಸುವುದರಿಂದಲೇ ಚಾಪೆ ಒಂದೆಡೆ ಉಬ್ಬಿ, ಇನ್ನೊಂದೆಡೆ ತೆಳ್ಳಗಾಗುವುದು. ನಮ್ಮ ಅಳತೆಯ ಚಾಪೆಗೆ 45ರಿಂದ 50 ಮೀಟರ್ ಪಟ್ಟಿ ಬೇಕು. ಒಂದು ಹತ್ತಿ ಸೀರೆಯಲ್ಲಿ ಎರಡು ಚಾಪೆಗಾಗುವಷ್ಟು ಪಟ್ಟಿ ಬರುತ್ತದೆ.

ಸೀರೆಯನ್ನು ಕತ್ತರಿಸುವ ಬದಲು ಹರಿಯಿರಿ. ಮೊದಲು ಅಂಚು ಬೇರೆ ಮಾಡಿ, ಅದು ದಪ್ಪ. ಸೆರಗಿನ ತುದಿಯಲ್ಲಿ 5 ಸೆಂ.ಮೀ.ಗೆ ಒಂದೊಂದು ಕಚ್ಚು ಹಾಕಿ ಉದ್ದಕ್ಕೆ ಹರಿದರೆ ನೂಲಿನ ಗುಂಟ ನೇರವಾಗಿ ಸೀಳುತ್ತದೆ, ಐದೂವರೆ ಮೀಟರಿನ ಅಖಂಡ ಪಟ್ಟಿ ಕೈಗೆ ಬರುತ್ತದೆ. ಧೂಳು ಹಾರುವುದರಿಂದ ಈ ಕೆಲಸ ಅಂಗಳದಲ್ಲೇ ಆಗಲಿ. ಹರಿದ ಪಟ್ಟಿಯ ಒಂದು ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಜಗ್ಗಿ ನೋಡಿ. ಶ್ರಮವಿಲ್ಲದೆ ಪಟ್ಟೆಂದು ಹರಿದರೆ ಆ ಸೀರೆಯ ಆಯುಸ್ಸು ಮುಗಿದಿದೆ. ಕಾಲ್ತುಳಿತಕ್ಕೆ ಅದು ಆರು ತಿಂಗಳೂ ಬಾರದು. ಅಂಥದ್ದನ್ನು ಕೌದಿಯ ಒಳಪದರಕ್ಕೆ ಹಾಕುವುದೇ ವಾಸಿ.

ಟೀಶರ್ಟಿನದು ಬೇರೆ ಲೆಕ್ಕ. ಕಂಕುಳ ಕೆಳಗಿನ ಭಾಗವನ್ನಷ್ಟೇ ತೆಗೆದುಕೊಂಡು, ಕೆಳಗಿನ ಮಡಿಕೆ ಕತ್ತರಿಸಿ ಬಿಸಾಕಿ, ಕೊಳವೆಯಂತೆ ಉಳಿದ ಬಟ್ಟೆಯನ್ನು ಸುರುಳಿಯಾಗಿ ಸುತ್ತಲೂ ಕತ್ತರಿಸುತ್ತ ಹೋಗಬೇಕು. ಸುತ್ತಳತೆ 100 ಸೆಂ.ಮೀ., ಎತ್ತರ 40 ಸೆಂ.ಮೀ. ಇದ್ದರೆ 2.5 ಸೆಂ.ಮೀ. ಅಗಲದ 16 ಮೀಟರ್ ಪಟ್ಟಿ ಒಂದೇ ತುಂಡಾಗಿ ಸಿಗುತ್ತದೆ. ಚಾಪೆಗೆ ಮೂರು ಟೀಶರ್ಟು. ಪಟ್ಟಿಯನ್ನು ಒಮ್ಮೆ ಎಳೆದುಬಿಟ್ಟರೆ ಅಂಚುಗಳು ಒಳಕ್ಕೆ ಸುರುಳಿಗೊಂಡು ಹುರಿಯಾಗುತ್ತದೆ. ಈ ಎಳೆತವನ್ನು ಮೊದಲೇ ಮುಗಿಸಿ. ನೇಯುವಾಗ ಎಳೆದರೆ ಆಮೇಲೆ ಕುಗ್ಗಿ ಚಾಪೆಯನ್ನೂ ಕುಗ್ಗಿಸುತ್ತದೆ. ಎದೆಯ ಮೇಲಿನ ರಬ್ಬರ್ ಮುದ್ರಣದ ಭಾಗ ಬಿಟ್ಟುಬಿಡಿ, ಅದು ಮಡಚದು, ಬಿಸಿಲಿಗೆ ಸಿಪ್ಪೆಯೇಳುತ್ತದೆ.

ಬೇಡದ್ದನ್ನೂ ಹೇಳಿಬಿಡೋಣ. ಪಾಲಿಯೆಸ್ಟರ್, ಶಿಫಾನ್ ದುಪಟ್ಟಾ ಜಾರುತ್ತದೆ, ನೀರು ಹೀರುವುದಿಲ್ಲ, ಬಿಸಿ ಪಾತ್ರೆಯ ಕೆಳಗೆ ಕರಗಿ ಅಂಟುತ್ತದೆ. ಗೋಡೆಗೆ ತೂಗುಹಾಕುವ ಅಲಂಕಾರಕ್ಕೆ ಬೇಕಾದರೆ ಬಳಸಿ. ಹಾಲಿನ ಪ್ಯಾಕೆಟ್ ಚಾಪೆಗೆ ನಮ್ಮ ಬೆಂಬಲವಿಲ್ಲ. ತೊಳೆದು ಕೊಟ್ಟರೆ ಗುಜರಿಯವರು ಕಿಲೋ ಲೆಕ್ಕದಲ್ಲಿ ಕೊಂಡು ಕರಗಿಸಲು ಕಳಿಸುತ್ತಾರೆ. ಅದನ್ನೇ ಬಟ್ಟೆ, ದಾರದ ಜೊತೆ ನೇಯ್ದರೆ ಮುಂದೆ ಯಾವ ಗುಜರಿಯವನೂ ಮುಟ್ಟುವುದಿಲ್ಲ. ಮೇಲಾಗಿ ಬಿಸಿಲಿನಲ್ಲಿ ಪುಡಿಪುಡಿಯಾಗಿ ಮನೆತುಂಬ ಪ್ಲಾಸ್ಟಿಕ್ ಚೂರು. ಜರಿ ಸೀರೆಗೆ ಕತ್ತರಿ ಹಾಕುವ ಮುನ್ನ ಜರಿ ಅಸಲಿಯೋ ನಕಲಿಯೋ ತಿಳಿದುಕೊಳ್ಳಿ. ಬೆಳ್ಳಿ ಇರುವ ಜರಿಯನ್ನು ಹಳೆ ಸೀರೆ ಕೊಳ್ಳುವವರು ತೂಕಕ್ಕೆ ಬೆಲೆ ಕಟ್ಟಿ ಒಯ್ಯುತ್ತಾರೆ. ಇನ್ನು ಬಣ್ಣ: ಕೆಂಪು, ಗಾಢ ನೀಲಿ ಬಟ್ಟೆಯ ಮೂಲೆಯನ್ನು ಒದ್ದೆ ಮಾಡಿ, ಬಿಳಿ ಬಟ್ಟೆಯ ಮೇಲಿಟ್ಟು ಇಸ್ತ್ರಿ ಒತ್ತಿ. ಬಣ್ಣ ಇಳಿದರೆ ತಿಳಿಬಣ್ಣದ ಜೊತೆ ನೇಯಬೇಡಿ.

ನೇಯ್ಗೆಯ ಸಲಕರಣೆ ದುಬಾರಿಯಲ್ಲ. ಗೋಣಿ ಹೊಲಿಯುವ ದಬ್ಬಣ, ಹಲ್ಲು ಅಗಲವಾಗಿರುವ ಬಾಚಣಿಗೆ ಅಥವಾ ಊಟದ ಫೋರ್ಕು, 45 ಸೆಂ.ಮೀ. ಉದ್ದದ ಎರಡು ಚಪ್ಪಟೆ ಮರದ ಪಟ್ಟೆ, ಒಂದು ತೆಳು ಕಡ್ಡಿ. ಒಂದು ಪಟ್ಟೆಯನ್ನು ಎಳೆ ಬಿಟ್ಟು ಎಳೆಯಂತೆ ಮೇಲೆ ಕೆಳಗೆ ತೂರಿಸಿ ಹಾಸಿನಲ್ಲೇ ಬಿಟ್ಟುಬಿಡಿ. ಅದನ್ನು ಅಂಚಿನ ಮೇಲೆ ನಿಲ್ಲಿಸಿದಾಗ ಹೊಕ್ಕು ಹಾಯಲು ಬಾಯಿ ತೆರೆಯುತ್ತದೆ. ಇದು ಒಂದು ಸಾಲಿನ ಬಾಯಿ. ಮರುಸಾಲಿಗೆ ಕೆಳಗುಳಿದ ಎಳೆಗಳು ಮೇಲೇಳಬೇಕಲ್ಲ, ಅದಕ್ಕೆ ಆ ಒಂದೊಂದು ಎಳೆಯ ಅಡಿಯಿಂದಲೂ ದಾರದ ಕುಣಿಕೆ ತಂದು ತೆಳು ಕಡ್ಡಿಗೆ ಕಟ್ಟಬೇಕು. ಕಡ್ಡಿ ಎತ್ತಿದರೆ ಎಲ್ಲವೂ ಒಟ್ಟಿಗೆ ಮೇಲೆ ಬರುತ್ತವೆ. ಕುಣಿಕೆಗಳು ಒಂದೇ ಉದ್ದ ಇರದಿದ್ದರೆ ಕೆಲವು ಎಳೆ ಅರ್ಧಕ್ಕೇ ಏಳುತ್ತವೆ, ಹೊಕ್ಕು ಅವುಗಳ ಮೇಲೇ ಹಾರಿಹೋಗುತ್ತದೆ. 7 ಸೆಂ.ಮೀ. ಅಗಲದ ರಟ್ಟಿನ ತುಂಡಿಗೆ ಸುತ್ತಿ ಗಂಟು ಹಾಕುತ್ತ ಹೋದರೆ ಎಲ್ಲ ಕುಣಿಕೆಯೂ ಸಮ. ಮೊದಲ ಚಾಪೆಗೆ ಈ ಕುಣಿಕೆಯ ಗೋಜು ಬೇಡ ಎನ್ನುವವರು ದಬ್ಬಣದಿಂದಲೇ ಒಂದೊಂದು ಎಳೆ ದಾಟಿಸಿ ಮರುಸಾಲು ನೇಯಬಹುದು. ನಿಧಾನ, ಆದರೆ ತಪ್ಪು ಕಡಿಮೆ.

ಕೆಳಗಿನ ಮೊಳೆಗಳಿಂದ 7 ಸೆಂ.ಮೀ. ಜಾಗ ಬಿಟ್ಟು ಅಲ್ಲಿಗೆ ಒಂದು ರಟ್ಟಿನ ಪಟ್ಟಿ ತೂರಿಸಿ. ಹೀಗೆ ಬಿಟ್ಟ 7 ಸೆಂ.ಮೀ. ಕೊನೆಯಲ್ಲಿ ಗಂಟು ಹಾಕಲು ಬೇಕಾಗುವ ದಾರ. ಅದರ ಮೇಲೆ ಹಾಸಿನ ದಾರದಿಂದಲೇ ಐದಾರು ಸಾಲು ನೇಯ್ದು ಒತ್ತಿ. ಎಳೆಗಳು 1 ಸೆಂ.ಮೀ. ಅಂತರದಲ್ಲಿ ಹಿಡಿದು ನಿಲ್ಲುವುದು ಈ ಸಾಲುಗಳಿಂದ. ಇದನ್ನು ಬಿಟ್ಟು ನೇರ ಬಟ್ಟೆಯಿಂದ ಶುರು ಮಾಡಿದರೆ ತುದಿಯ ಸಾಲುಗಳು ಒಂದೊಂದಾಗಿ ಜಾರಿ ಕಳಚುತ್ತವೆ.

ಈಗ ಎಲ್ಲರೂ ಎಡವುವ ಜಾಗ. ಹೊಕ್ಕಿನ ಪಟ್ಟಿಯನ್ನು ಒಂದಂಚಿನಿಂದ ಇನ್ನೊಂದಂಚಿಗೆ ಹಾಯಿಸಿ, ಬಿಗಿ ಬರಲೆಂದು ಎಳೆದುಬಿಡುತ್ತಾರೆ. ಪಟ್ಟಿ ಎಳೆಗಳ ಮೇಲೆ ಕೆಳಗೆ ಬಳುಕಿ ಹೋಗಬೇಕಾದ್ದರಿಂದ ಅದರ ಉದ್ದ ಚಾಪೆಯ ಅಗಲಕ್ಕಿಂತ ಹೆಚ್ಚಿರಬೇಕು, 30 ಸೆಂ.ಮೀ.ಗೆ 33 ಸೆಂ.ಮೀ. ಆದರೂ. ಆ ಮೂರು ಸೆಂ.ಮೀ. ಕೊಡದಿದ್ದರೆ ಅದು ಅಂಚಿನ ಎಳೆಗಳನ್ನು ಒಳಕ್ಕೆ ಎಳೆದು ತನ್ನ ಪಾಲು ಪಡೆದುಕೊಳ್ಳುತ್ತದೆ. ಪ್ರತಿ ಸಾಲಿಗೆ ಒಂದೇ ಮಿಲಿಮೀಟರ್ ಆದರೂ ಐವತ್ತು ಸಾಲಿಗೆ ಐದು ಸೆಂ.ಮೀ. ಹೋಯಿತು. ಶುರುವಿನಲ್ಲಿ, ಕೊನೆಯಲ್ಲಿ ಅಗಲ ಸರಿ, ನಡುವೆ ಡಮರುಗದ ಸೊಂಟ. ಆದ್ದರಿಂದ ಪಟ್ಟಿಯನ್ನು ನೇರ ಇಡಬೇಡಿ. ಎರಡೂ ಅಂಚಿನಲ್ಲಿ ಮುಟ್ಟಿಸಿ, ನಡುವೆ 5ರಿಂದ 6 ಸೆಂ.ಮೀ. ಎತ್ತರದ ಕಮಾನಾಗಿ ಬಿಡಿ. ಆ ಕಮಾನನ್ನು ಬೆರಳಿನಿಂದ ಮೂರು ನಾಲ್ಕು ಕಡೆ ಒತ್ತಿ ಸಣ್ಣ ಸಣ್ಣ ಗುಡ್ಡಗಳಾಗಿ ಮಾಡಿ, ಆಮೇಲೆ ಬಾಚಣಿಗೆಯಿಂದ ಕೆಳಕ್ಕೆ ಬಡಿಯಿರಿ. ಹೆಚ್ಚಾದರೆ ಹೊಕ್ಕು ಗುಳ್ಳೆಯಾಗಿ ಮೇಲೇಳುತ್ತದೆ, ಆಗ ಮುಂದಿನ ಸಾಲಿಗೆ ಕಮಾನು ತಗ್ಗಿಸಿ.

ಅಂಚು ಒಳಸರಿಯದಂತೆ ತಡೆಯಲು ಹಳೆಯ ಕೊಡೆಯ ಕಡ್ಡಿ ಬಹಳ ಉಪಯುಕ್ತ. ಎರಡೂ ಅಂಚಿನ ಎಳೆಗಳ ಪಕ್ಕ ಒಂದೊಂದು ಕಡ್ಡಿಯನ್ನು ಮೇಲಿನಿಂದ ಕೆಳಗಿನವರೆಗೆ ಚೌಕಟ್ಟಿಗೆ ಕಟ್ಟಿ, ಹೊಕ್ಕು ತಿರುಗುವಾಗ ಕಡ್ಡಿಯನ್ನೂ ಸೇರಿಸಿಕೊಂಡು ತಿರುಗಲಿ. ಚಾಪೆ ಮುಗಿದ ಮೇಲೆ ಕಡ್ಡಿ ಎಳೆದು ತೆಗೆಯುವುದು. ವೃತ್ತಿಯ ನೇಕಾರರೂ ಬಟ್ಟೆಯ ಅಗಲ ಕುಗ್ಗದಂತೆ ಎರಡೂ ಅಂಚಿಗೆ ಮೊನೆ ಚುಚ್ಚಿದ ಅಡ್ಡಕಡ್ಡಿ ನಿಲ್ಲಿಸಿಕೊಳ್ಳುತ್ತಾರೆ. ಅವರಿಗೇ ಬೇಕಾದದ್ದು ಕಲಿಯುವವರಿಗೆ ಬೇಡವೇ? ಜೊತೆಗೆ ಸರಿಯಾಗಿ 30 ಸೆಂ.ಮೀ.ಗೆ ಕತ್ತರಿಸಿದ ಒಂದು ರಟ್ಟಿನ ತುಂಡು ಪಕ್ಕದಲ್ಲಿರಲಿ, ನಾಲ್ಕು ಬೆರಳಿನಷ್ಟು ನೇಯ್ದಾಗಲೆಲ್ಲ ಅಗಲಕ್ಕೆ ಹಿಡಿದು ನೋಡಿ. ಅರ್ಧ ಸೆಂ.ಮೀ. ಕುಗ್ಗಿದ್ದು ಕಂಡರೆ ಬಿಚ್ಚಿ. ಮುಂದೆ ಸರಿಹೋದೀತು ಎಂದು ಬಿಟ್ಟದ್ದು ಸರಿಹೋಗುವುದಿಲ್ಲ.

ಬಡಿತದಲ್ಲಿ ಜಿಪುಣತನ ಬೇಡ. ಒಂದು ಸೆಂ.ಮೀ.ಗೆ ಎರಡೂವರೆಯಿಂದ ಮೂರು ಸಾಲು ಕೂರಬೇಕು, ಒಟ್ಟು 112ರಿಂದ 135 ಸಾಲು. ಹಾಸಿನ ದಾರ ಕಣ್ಣಿಗೆ ಕಾಣದಂತೆ ಹೊಕ್ಕು ಮುಚ್ಚಿಕೊಂಡರೆ ಚಾಪೆ ಗಟ್ಟಿ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಂಗಸರು ಮನೆಯೊಳಗೆ ನಿಲ್ಲಿಸಿದ ಮಗ್ಗದಲ್ಲಿ ನೇಯುವ ಜಮಖಾನವನ್ನು ಮಗುಚಿ ನೋಡಿದವರಿಗೆ ಇದು ಗೊತ್ತು. ಹಾಸು ಪೂರ್ತಿ ಒಳಗೆ, ಬಣ್ಣವೆಲ್ಲ ಹೊಕ್ಕಿನದು, ಎರಡೂ ಬದಿ ಒಂದೇ ಥರ. ಅವರು ಬಡಿಯುವುದು ಕಬ್ಬಿಣದ ಹಲ್ಲಿನ ಪಂಜದಿಂದ. ಆ ಊರಿನದೇ ಎಂಬ ಗುರುತಾದ ಭೌಗೋಳಿಕ ಸೂಚಿಕೆ (ಜಿ.ಐ.) ಪಡೆದ ಆ ಜಮಖಾನಕ್ಕೂ ನಮ್ಮ ಚಿಂದಿ ಚಾಪೆಗೂ ಕುಸುರಿಯಲ್ಲಿ ಅಜಗಜಾಂತರ, ಕಟ್ಟು ಮಾತ್ರ ಒಂದೇ. ಎರಡು ಬಣ್ಣವನ್ನು ಅಕ್ಕಪಕ್ಕ ನೇಯುವವರಿಗೆ ಅದರಿಂದ ಕಲಿಯಲು ಇನ್ನೊಂದಿದೆ. ಒಂದೇ ಎಳೆಯ ಬಳಿ ಎರಡೂ ಬಣ್ಣ ಮತ್ತೆ ಮತ್ತೆ ಹಿಂದಿರುಗಿದರೆ ಅಲ್ಲಿ ಉದ್ದ ಸೀಳು ಬೀಳುತ್ತದೆ. ಮೂರು ಸೆಂ.ಮೀ.ಗಿಂತ ಉದ್ದದ ಸೀಳು ಕಾಲ್ಬೆರಳಿಗೆ ಸಿಕ್ಕಿ ಎಡವಿಸುತ್ತದೆ. ಬಣ್ಣದ ಗಡಿಯನ್ನು ಪ್ರತಿ ಎರಡು ಸಾಲಿಗೆ ಒಂದು ಎಳೆಯಷ್ಟು ಸರಿಸಿ ಓರೆಯಾಗಿಸಿ, ಸೀಳು ಬೀಳದು.

ಪಟ್ಟಿಗೆ ಪಟ್ಟಿ ಸೇರಿಸಲು ಗಂಟು ಹಾಕಬೇಡಿ, ಗಂಟು ಕಾಲಿಗೆ ಕಲ್ಲಿನ ಹಾಗೆ ಒತ್ತುತ್ತದೆ. ಎರಡೂ ತುದಿಯನ್ನು ಓರೆಯಾಗಿ ಕತ್ತರಿಸಿ, ಒಂದರ ಮೇಲೊಂದು 6 ಸೆಂ.ಮೀ. ಹಾಸಿ ಒಟ್ಟಿಗೇ ನೇಯ್ದರೆ ಸಾಕು, ಬಡಿತಕ್ಕೆ ಕಚ್ಚಿಕೊಳ್ಳುತ್ತದೆ. ಜೋಡಣೆ ಅಂಚಿನಲ್ಲಿ ಬೀಳದಂತೆ ನೋಡಿಕೊಳ್ಳಿ. ನುಣುಪು ಟೈಲ್ಸಿನ ಮೇಲೆ ಹಾಸುವ ಚಾಪೆಯಾದರೆ ಸೈಕಲ್ ಟ್ಯೂಬಿನ ಒಂದೂವರೆ ಸೆಂ.ಮೀ. ಪಟ್ಟಿಯನ್ನು ಹತ್ತು ಸಾಲಿಗೊಮ್ಮೆ ಹೊಕ್ಕಾಗಿ ಹಾಯಿಸಿ, ಜಾರುವುದಿಲ್ಲ. ಬಿಳಿ ಟೈಲ್ಸಾದರೆ ಕಪ್ಪು ಗುರುತು ಉಳಿದೀತು, ಅಲ್ಲಿ ಬೇಡ.

45 ಸೆಂ.ಮೀ. ಮುಗಿಯುವ ಹೊತ್ತಿಗೆ ಮೇಲೆ ಇನ್ನೂ ಹದಿನೇಳು ಹದಿನೆಂಟು ಸೆಂ.ಮೀ. ಹಾಸು ಉಳಿದಿರುತ್ತದೆ. ಅದನ್ನೂ ತುಂಬಿಸಲು ಹೋಗಬೇಡಿ. ಬಾಯಿ ತೆರೆಯಲು ಜಾಗವಿರುವುದಿಲ್ಲ, ಒತ್ತಾಯದಿಂದ ನೇಯ್ದ ಸಾಲುಗಳು ಉಳಿದವಕ್ಕಿಂತ ಸಡಿಲ. ಶುರುವಿನಂತೆ ಇಲ್ಲೂ ದಾರದ ಐದಾರು ಸಾಲು ಹಾಕಿ. ಇಳಿಸುವಾಗ ಎಲ್ಲ ಎಳೆಗಳನ್ನು ಒಮ್ಮೆಗೇ ಕತ್ತರಿಸಿದರೆ ಹೊಕ್ಕು ಉಬ್ಬಿಕೊಂಡು ಹೊರಬರುತ್ತದೆ. ಎರಡು ಮೊಳೆಯ ಎಳೆಗಳನ್ನಷ್ಟೇ ಕತ್ತರಿಸಿ, ಚಾಪೆಯ ಅಂಚಿಗೆ ತಾಗುವಂತೆ ಗಂಟು ಬಿಗಿದು, ಆಮೇಲೆ ಮುಂದಿನ ಎರಡು. ಕೊನೆಗೆ ಮೂರು ಮೊಳೆಯದು ಒಂದೇ ಗಂಟಿಗೆ ಬರಲಿ, 31 ಬೆಸ ಸಂಖ್ಯೆ. ಮೊದಲ ಒಗೆತ ತಣ್ಣೀರಿನಲ್ಲಿ, ಹಿಂಡದೆ, ಚಪ್ಪಟೆಯಾಗಿ ಹಾಸಿ ಒಣಗಿಸಿ. ಹಗ್ಗಕ್ಕೆ ನೇತುಹಾಕಿದರೆ ಒದ್ದೆ ಬಟ್ಟೆಯ ಭಾರಕ್ಕೆ ಆಕಾರ ಕೆಡುತ್ತದೆ.

ಪುರವಣಿಯ ಚಿತ್ರವೊಂದರಲ್ಲಿ ಹಳೆ ಸಿ.ಡಿ.ಯ ಮೇಲೆ ದುಂಡಗೆ ನೇಯುವುದನ್ನೂ ತೋರಿಸಿದ್ದೀರಿ. ಅದರಲ್ಲಿ ಹದಿನಾರು ಎಳೆ ಎಣಿಸಬಹುದು. ಸುತ್ತುತ್ತ ನೇಯುವಾಗ ಎಳೆಗಳು ಬೆಸ ಸಂಖ್ಯೆಯಲ್ಲೇ ಇರಬೇಕು, 15 ಅಥವಾ 17. ಸಮ ಸಂಖ್ಯೆಯಾದರೆ ಎರಡನೇ ಸುತ್ತಿನಲ್ಲೂ ಹೊಕ್ಕು ಅದೇ ಎಳೆಯ ಮೇಲೆ, ಅದೇ ಎಳೆಯ ಕೆಳಗೆ ಹೋಗುತ್ತದೆ, ನೇಯ್ಗೆಯೇ ಆಗುವುದಿಲ್ಲ. ಆ ಚಿತ್ರ ನೋಡಿ ಮಾಡಿದ ಮಕ್ಕಳು ಗೊಂದಲಕ್ಕೆ ಬಿದ್ದಿರುತ್ತಾರೆ, ಇದೊಂದನ್ನಾದರೂ ತಿದ್ದುಪಡಿಯಾಗಿ ಹಾಕಿ. ಚಪ್ಪಟೆ ಚಾಪೆಗೆ ಈ ನಿಯಮವಿಲ್ಲ, ಅಲ್ಲಿ ಸಮವೂ ನಡೆಯುತ್ತದೆ.

2015ರಿಂದ ಆಗಸ್ಟ್ 7ರಂದು ರಾಷ್ಟ್ರೀಯ ಕೈಮಗ್ಗ ದಿನ ಆಚರಿಸಲಾಗುತ್ತಿದೆ. 1905ರಲ್ಲಿ ಸ್ವದೇಶಿ ಚಳವಳಿ ಶುರುವಾದ ದಿನ ಅದು. ಆ ವಾರ ಶಾಲೆಗಳಲ್ಲಿ ಭಾಷಣ, ಪ್ರಬಂಧ ಸ್ಪರ್ಧೆ ನಡೆಯುತ್ತವೆ, ಪತ್ರಿಕೆಗಳೂ ಪುಟ ಮೀಸಲಿಡುತ್ತವೆ. ಈ ಸಲ ಆ ಪುಟದಲ್ಲಿ ಚೌಕಟ್ಟು ಮಗ್ಗದ ಒಂದು ಗೆರೆಚಿತ್ರ ಹಾಕಿ, ಪಕ್ಕದಲ್ಲಿ ಮರದ ಅಳತೆ, ಮೊಳೆಯ ಅಂತರ, ಹಾಸಿನ ದಾರದ ಹೆಸರು, ಪಟ್ಟಿಯ ಅಗಲ, ಬಟ್ಟೆಯ ತೂಕ ಕೊಡಿ. ಜಾಗ ಸಾಲದಿದ್ದರೆ ಮುಗಿದ ಚಾಪೆಯ ಬಣ್ಣದ ಫೋಟೊ ಬಿಡಿ, ಮೊಳೆಗಳ ಎರಡು ಗೆರೆ ಕಾಣುವ ಚಿತ್ರ ಬಿಡಬೇಡಿ.

ಇಂತಿ,
ಕೈಮಗ್ಗ ಕಲಿಸುವ ಇಬ್ಬರು ಶಿಕ್ಷಕಿಯರು, ಧಾರವಾಡ